ಭಿತ್ತಿ-ಭುಕ್ತಿ ವಿಚಾರ: ವೇಷ ಹಾಕಿದ ಹೋಟೆಲುಗಳ ಏಳುಬೀಳನ್ನು ಕುರಿತ ಕಿರುಮೀಮಾಂಸೆ

ಗಿರಾಕಿ ಗೋಡೆಯನ್ನು ಕಣ್ತುಂಬ ನೋಡುವುದು ಒಂದೇ ಸಲ, ಹಸಿವು ಮಾತ್ರ ದಿನವೂ ಬರುತ್ತದೆ. ಆದ್ದರಿಂದ ತಟ್ಟೆಗಾಗಿ ದುಡಿಯದ ಅಲಂಕಾರವೆಲ್ಲ ಮಾಲೀಕನ ತಲೆಮೇಲಿನ ಸಾಲ ಎಂಬುದು ನಮ್ಮ ಪ್ರತಿಜ್ಞೆ. ದೃಷ್ಟಾಂತ ಬೆಂಗಳೂರಿನ ಗಾಂಧಿಬಜಾರಿನಲ್ಲೇ ಸಿಗುತ್ತದೆ. ಆದರೂ ಪಾಂಡಿತ್ಯದ ಮರ್ಯಾದೆ ಕಾಯಲು ಮೊದಲು ಅಮೆರಿಕಕ್ಕೆ ಹೋಗಿಬರೋಣ. 1991ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಪ್ಲಾನೆಟ್ ಹಾಲಿವುಡ್‌ಗೆ ಶ್ವಾರ್ಜನೆಗರ್, ಸ್ಟಲೋನ್, ಬ್ರೂಸ್ ವಿಲ್ಲಿಸ್ ಎಂಬ ಘಟಾನುಘಟಿಗಳ ಬೆಂಬಲವಿತ್ತು, ಗೋಡೆ ತುಂಬ ಸಿನಿಮಾ ಸಾಮಾನಿತ್ತು. 1999ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದೇ ಊರಿನಲ್ಲಿ 1995ರಲ್ಲಿ ಶುರುವಾದ ಫ್ಯಾಷನ್ ಕೆಫೆ ಸೂಪರ್ ಮಾಡೆಲ್‌ಗಳ ಹೆಸರಲ್ಲಿ ಊಟ ಮಾರಹೊರಟು ಕೆಲವೇ ವರ್ಷಗಳಲ್ಲಿ ಬಾಗಿಲೆಳೆಯಿತು. ಊಟ ಬಿಟ್ಟೇ ಹೆಸರಾದವರನ್ನು ಊಟಕ್ಕೆ ಜಾಮೀನು ನಿಲ್ಲಿಸಿದರೆ ಇನ್ನೇನಾದೀತು? 1994ರ ರೇನ್‌ಫಾರೆಸ್ಟ್ ಕೆಫೆಯಲ್ಲಿ ಆಗಾಗ ಕೃತಕ ಗುಡುಗು-ಮಿಂಚು. ಇದರ ಶಾಸ್ತ್ರೀಯ ದೋಷವೆಂದರೆ, ಆರ್ಡರು ಎಷ್ಟು ತಡವಾಯಿತೆಂದು ಗಿರಾಕಿ ಗುಡುಗು ಎಣಿಸಿಯೇ ಹೇಳಬಲ್ಲ.

‘ಹಾಗಾದರೆ ಹಾರ್ಡ್ ರಾಕ್ ಕೆಫೆ ಬದುಕಿದ್ದು ಹೇಗೆ?’ ಎಂದು ಪೂರ್ವಪಕ್ಷ. ಅದು 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು ಅಮೆರಿಕನ್ ತಿಂಡಿಗಾಗಿ. ಗೋಡೆಗೆ ಗಿಟಾರುಗಳು ಬಂದದ್ದು ಆಮೇಲೆ; ಮೊದಲನೆಯದು ಏರಿದ್ದು ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತನ್ನ ಖಾಯಂ ಜಾಗ ಗುರುತಿಸಿಕೊಳ್ಳಲು ಎಂಬ ಕತೆಯಿದೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಕ್ಕೂ ಇದಕ್ಕೂ ತಾತ್ತ್ವಿಕ ವ್ಯತ್ಯಾಸ ಕಾಣದು. ಅಲ್ಲಿ ಅಲಂಕಾರ ಬಂದದ್ದು ಗಿರಾಕಿಯ ಹಿಂದೆ. ನಮ್ಮ ‘ಹಳ್ಳಿ ಸೊಗಡಿನ’ ಹೋಟೆಲಿನಲ್ಲಿ ಅದು ಗಿರಾಕಿಗಿಂತ ಮೊದಲೇ ಬಂದು ಕೂತಿರುತ್ತದೆ: ಗೋಡೆಗೆ ಮೊಳೆ ಹೊಡೆದ ಗಾಡಿಚಕ್ರ, ಬಲ್ಬು ತುಂಬಿದ ಲಾಟೀನು, ಕ್ರೋಟನ್ ನೆಟ್ಟ ಒರಳುಕಲ್ಲು. ಒಳಗೆ ಚಟ್ನಿ ರುಬ್ಬುತ್ತಿರುವುದು ಮಿಕ್ಸಿ. ಒರಳು ದುಡಿದಿದ್ದರೆ ನಮ್ಮ ತಕರಾರಿರಲಿಲ್ಲ.

ಇನ್ನು ಗಾಂಧಿಬಜಾರಿಗೆ ಮರಳೋಣ. ಅಲ್ಲಿನ 1943ರ ವಿದ್ಯಾರ್ಥಿ ಭವನದಲ್ಲಿ ಮಾಣಿ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳ ಗೋಪುರವನ್ನೇ ಹೊತ್ತು ಬರುವ ದೃಶ್ಯವನ್ನು ಯಾವ ವಿನ್ಯಾಸಕಾರನೂ ಬರೆದುಕೊಟ್ಟದ್ದಲ್ಲ. ಕಾಯುವವರು ಹೆಚ್ಚು, ಕೈ ಎರಡೇ. ದರ್ಶಿನಿಗಳು ಇನ್ನೂ ಮುಂದೆ ಹೋಗಿ ಕುರ್ಚಿಯನ್ನೇ ಎತ್ತಿಬಿಟ್ಟವು; ನಿಂತವನು ಇಡ್ಲಿ ಮುಗಿಸಿ ಹೊರಡುತ್ತಾನೆ, ಅಗ್ಗದ ದರ ಗಿಟ್ಟುತ್ತದೆ. ಕಾಲುನೋವೇ ಥೀಮ್ ಆದ ಉದಾಹರಣೆ ವಿಶ್ವ ವಾಸ್ತುಶಾಸ್ತ್ರದಲ್ಲಿ ವಿರಳ. ‘ಈಗಿನವರು ಬರುವುದು ಫೋಟೋಗೆ, ತಿನ್ನಲಿಕ್ಕಲ್ಲ’ ಎಂಬ ಆಕ್ಷೇಪವನ್ನು ಒಪ್ಪಬಹುದು. ಆದರೆ ಅದೇ ಗಾಡಿಚಕ್ರದ ಮುಂದೆ ಎರಡನೇ ಫೋಟೋಗೆ ಯಾರೂ ಬರುವುದಿಲ್ಲ, ಬಾಡಿಗೆ ಕೇಳುವವನು ಮಾತ್ರ ತಿಂಗಳು ತಿಂಗಳೂ ಬರುತ್ತಾನೆ.