ಹದಿನಾಲ್ಕನೇ ಮಹಡಿಯ ಹೆಜ್ಜೇನಮ್ಮನವರಿಗೆ

ಮಾನ್ಯ ಹೆಜ್ಜೇನಮ್ಮನವರೇ,

ನಮ್ಮ ಮುಲುಂಡ್ ಸೊಸೈಟಿಯ ಹದಿನಾಲ್ಕನೇ ಮಹಡಿಯ ಸಜ್ಜಾದಡಿ ನೀವು ಎನ್‌ಒಸಿ ಇಲ್ಲದೆ, ಮೇಂಟೆನೆನ್ಸ್ ಕಟ್ಟದೆ ಸಂಸಾರ ಹೂಡಿದ್ದೀರೆಂದು ದೂರು ಬಂದಿದೆ. ಒಂದೇ ಹುಟ್ಟಿನಲ್ಲಿ ಸಾವಿರಾರು ಮಂದಿ, ದುಡಿಯುವವರೆಲ್ಲ ಹೆಂಗಸರು; ಮನೆಗೊಂದು ಗೋಡೆಯೂ ಇಲ್ಲ.

ಯಾವ ಊರಿನವರು ಎಂದು ಕೇಳುವುದು ಈ ಶಹರದ ಹಳೆಯ ಪದ್ಧತಿ. 1960ರ ದಶಕದಲ್ಲಿ ನಮ್ಮವರನ್ನೂ ಕೇಳಿದ್ದರು, ಉಡುಪಿ ಹೋಟೆಲುಗಳಿಗೆ ಕಲ್ಲು ಹೊಡೆದು. ಈಗ ಕಮಿಟಿಯಲ್ಲಿ ನಾವೇ ಕೂತಿದ್ದೇವೆ. ಕೇಳುವ ಸರದಿ ನಮ್ಮದು. ಆದರೆ ನಿಮ್ಮ ಜಾತಕ ನೋಡಿ ತುಸು ಮುಜುಗರವಾಯಿತು. ಏಳು ದ್ವೀಪಗಳನ್ನು ಸೇರಿಸಿ ಮುಂಬಯಿ ಮಾಡುವ ಮೊದಲೇ ನೀವು ಇಲ್ಲಿದ್ದವರು. ಮರಾಠಿಯಲ್ಲಿ 'ಆಗ್ಯಾ ಮೋಹೋಳ್' ಎಂಬ ಹೆಸರೂ ಇದೆ. ಭೂಮಿಪುತ್ರಿಯರೇ!

ನಮ್ಮ ಗಾರ್ಡನ್ನಿನ ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ವಿಖ್ರೋಲಿ ಹೆದ್ದಾರಿಯಲ್ಲಿ ಜನ ಸೆಲ್ಫಿಗೆ ಮುಗಿಬೀಳುವ ಗುಲಾಬಿ ಟಬೇಬುಯಾ ಕೂಡ ಅಮೆರಿಕದ ಕಡೆಯದೇ. ಇವರನ್ನು ಯಾರೂ ಊರು ಕೇಳಲಿಲ್ಲ. ನಿಮ್ಮ ಕಡೆಯ ನೇರಳೆ ಮರದ ಹಣ್ಣು ಮಾತ್ರ ಚೇರ್ಮನ್ನರ ಬಿಳಿ ಕಾರಿಗೆ ಕಲೆ ಮಾಡುತ್ತಿತ್ತು, 'ಟ್ರಿಮ್ಮಿಂಗ್' ಮಾಡಿಸಿದೆವು. ಈಗ ಬುಡ ಉಳಿದಿದೆ. ಲಾನಿನಲ್ಲಿ ತುಂಬೆ ತಲೆಯೆತ್ತಿದ ದಿನವೇ ಮಾಲಿ ಕಿತ್ತೆಸೆಯುತ್ತಾನೆ.

ಮೀಟರ್ ರೂಮಿನ ಬಿರುಕಿನಲ್ಲಿ ಮುಜಂಟಿ ಜೇನುಗಳಿದ್ದವು. ಅವಕ್ಕೆ ಕುಟುಕಲು ಮುಳ್ಳೇ ಇಲ್ಲವೆಂದು ಊರಿನಲ್ಲಿ ಬೆಳೆದ ನಾನು ಹೇಳಬಹುದಿತ್ತು. ಹೇಳಲಿಲ್ಲ. ಪೆಸ್ಟ್ ಕಂಟ್ರೋಲಿನವನು ಜಿರಳೆಯ ದರದಲ್ಲೇ ಅವನ್ನೂ ಮುಗಿಸಿಕೊಟ್ಟ.

ನೀವು ಕುಟುಕುತ್ತೀರಿ, ಸುಳ್ಳಲ್ಲ. ದೀಪಾವಳಿಯಲ್ಲಿ ನಿಮ್ಮ ಹುಟ್ಟಿಗೆ ರಾಕೆಟ್ ಬಿಟ್ಟವರು ಯಾರೆಂಬುದು ಮಿನಿಟ್ಸಿನಲ್ಲಿ ಬರೆದಿಲ್ಲ, ಅಷ್ಟೇ.

ಮೇಲ್ಮನವಿಗೆ ವಿಲೆಪಾರ್ಲೆಯ ಖಾದಿ ಆಯೋಗಕ್ಕೆ ಹೋಗಬಹುದು; 'ಹನಿ ಮಿಷನ್' ನಡೆಸುವವರು ಅವರೇ. ಆದರೆ ಅವರು ಕೊಡುವುದು ಪೆಟ್ಟಿಗೆ. ತುಡುವೆ ಜೇನಾದರೆ ಒಳಗಿದ್ದಾಳು, ನೀವು ಪೆಟ್ಟಿಗೆಗೆ ಬಗ್ಗುವವರಲ್ಲ.

ಬದಲಿ ವಸತಿಯೂ ಇದೆ: ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿ ಕಾರ್ವಿ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗಿ ಅರಳುತ್ತದೆ, ಎಂಟು ವರ್ಷಕ್ಕೊಮ್ಮೆ. 2016ರಲ್ಲಿ ಅರಳಿತ್ತು, 2024ರಲ್ಲೂ. ಮುಂದಿನ ಪಂಕ್ತಿ 2032ಕ್ಕೆ. ಅಲ್ಲಿಯವರೆಗೆ ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ತಾ.ಕ.: ನಮ್ಮ ಬಾಲ್ಕನಿಯಲ್ಲಿ ಹೆಂಡತಿ ನೆಟ್ಟ ತುಳಸಿ ಕದಿರು ಬಿಟ್ಟಿದೆ. ಬೆಳಗಿನ ಹೊತ್ತು ಬನ್ನಿ. ಕಮಿಟಿಗೆ ಹೇಳಬೇಡಿ.