ಕಸದಂಚೆ ಮೀಮಾಂಸೆ: ಉಮರ್ಗಾ–ನಿಲಂಗಾ–ಉದಗೀರ ಸಂಪ್ರದಾಯದ ಒಂದು ಅವಲೋಕನ

ಸ್ಪ್ಯಾಮ್ ಶೋಧನಾ ಶಾಸ್ತ್ರ ಅಮೆರಿಕದಲ್ಲಿ ಹುಟ್ಟಿತೆಂಬ ನಂಬಿಕೆ ವಿದ್ವಾಂಸರಲ್ಲಿ ಬೇರೂರಿದೆ. ಅದನ್ನು ಕಿತ್ತು ತಂದು ಮರಾಠವಾಡದ ಗಡಿಯ ಉಮರ್ಗಾ, ನಿಲಂಗಾ, ಉದಗೀರಗಳ ಕರಿಮಣ್ಣಿನಲ್ಲಿ ನೆಡುವುದೇ ಈ ಪ್ರಬಂಧದ ಉದ್ದೇಶ. ಆಧಾರಗಳು ಅಷ್ಟೇನೂ ಗಟ್ಟಿಯಿಲ್ಲ. ಮೂಲಸ್ಥಾನ ನಿರ್ಣಯಿಸುವ ನಮ್ಮ ಸಂಶೋಧನಾ ಪರಂಪರೆಗೆ ಅದು ಎಂದಾದರೂ ಅಡ್ಡಿಯಾದದ್ದುಂಟೆ?

ಮೊದಲು ಕಾಲನಿರ್ಣಯ. 1760ರ ಫೆಬ್ರವರಿಯಲ್ಲಿ ಮರಾಠಾ ಸೇನಾಪತಿ ಸದಾಶಿವರಾವ್ ಭಾವೂ ಉದಗೀರದಲ್ಲಿ ನಿಜಾಮನ ಸೈನ್ಯವನ್ನು ಮಣಿಸಿದ. 1761ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ತಾನೇ ಹೋದ. ಅದೇ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ. ಅವನು ಬಿಟ್ಟುಹೋಗಿದ್ದ ಸಂಭಾವ್ಯತೆಯ ಲೇಖನವನ್ನು ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ. ಭಾವೂ ಮತ್ತು ಬೇಯ್ಸ್ ನಡುವೆ ಪತ್ರವ್ಯವಹಾರ ಇತ್ತೆನ್ನಲು ಒಂದೇ ಒಂದು ಚೀಟಿ ಸಿಕ್ಕಿಲ್ಲ. ಸ್ಪ್ಯಾಮ್ ಫೋಲ್ಡರಿಗೆ ಹೋಗಿರಬೇಕು.

2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಈ ಪಾದ್ರಿಯ ಗಣಿತವನ್ನೇ ಅಂಚೆಗೆ ಹೂಡಿದ. ಒಳ್ಳೆಯ ಪತ್ರಗಳ ಒಂದು ರಾಶಿ, ಕೆಟ್ಟವುಗಳ ಇನ್ನೊಂದು ರಾಶಿ ಹಾಕಿ, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸು. ಹೊಸ ಪತ್ರ ಬಂದಾಗ ಅದರ ಪದಗಳ ಸಹವಾಸ ನೋಡಿ ಜಾತಕ ಬರೆ. ಹೊಗೆ ಕಂಡು ಬೆಂಕಿ ಊಹಿಸುವ ನಮ್ಮ ತಾರ್ಕಿಕರು ಇದನ್ನು ಅನುಮಾನ ಪ್ರಮಾಣ ಎಂದು ಗುರುತಿಸಿ, ಒಂದು ಶಾಲು ಹೊದಿಸಿ ಕಳಿಸುತ್ತಿದ್ದರು.

ಕನ್ನಡಿಗರ ಹಕ್ಕು ಇನ್ನೂ ಸ್ಪಷ್ಟವಾಗಿ ಸ್ಥಾಪನೆಯಾಗುವುದು ಗ್ರೇಲಿಸ್ಟಿಂಗ್ ವಿಚಾರದಲ್ಲಿ. ಅಪರಿಚಿತ ಸರ್ವರ್ ಬಂದು ಕದ ತಟ್ಟಿದರೆ ಒಳಗಿನ ಸರ್ವರ್ 451 ಎಂಬ ಸಂಕೇತ ಕೊಟ್ಟು, ಸದ್ಯಕ್ಕಾಗದು, ಆಮೇಲೆ ಬನ್ನಿ ಎನ್ನುತ್ತದೆ. ಸಭ್ಯ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ. ಲಕ್ಷಗಟ್ಟಲೆ ಪತ್ರ ಎರಚುವ ಅವಸರದ ಸ್ಪ್ಯಾಮರ್‌ಗೆ ಅಷ್ಟು ಪುರುಸೊತ್ತಿಲ್ಲ. ಇದನ್ನು 2003ರಲ್ಲಿ ಇವಾನ್ ಹ್ಯಾರಿಸ್ ಪ್ರಕಟಿಸಿದನೆಂದು ಗ್ರಂಥಗಳು ಹೇಳುತ್ತವೆ. ಆದರೆ 1990ರ ದಶಕದಲ್ಲೇ ಕರ್ನಾಟಕದ ಊರೂರಿನ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂಬ ಶಾಸನ ಬರೆಸಿದವರು ಯಾರು? ಭೂತ ಬಂದು ಓದಿ ಹಿಂದಿರುಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ಇಲ್ಲಿ ಸೂಕ್ಷ್ಮವೊಂದಿದೆ: ಹೇಳಿದ ಹೊತ್ತಿಗೆ ತಪ್ಪದೆ ಮರಳುವುದರಿಂದ ಹ್ಯಾರಿಸ್ ಮತದ ಪ್ರಕಾರ ಭೂತವು ಪರಮ ಸಭ್ಯ ಸರ್ವರ್, ಅದನ್ನು ಒಳಗೆ ಬಿಟ್ಟುಕೊಳ್ಳಲೇಬೇಕು. ಮನೆಯವರು ಬಿಡಲಿಲ್ಲ. ಆದ್ದರಿಂದ ನಮ್ಮ ಸಂಪ್ರದಾಯ ಹೆಚ್ಚು ಬಿಗಿಯಾದುದೆಂದು ಸಿದ್ಧಿಸುತ್ತದೆ.

ಇನ್ನು ಭಾಷಾ ಪ್ರಕರಣ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಪ್ರಸಿದ್ಧ ಶೋಧಕದಲ್ಲಿ, ನಮಗೆ ಬೇಕಾದ ಭಾಷೆಗಳು ಇಂತಿಷ್ಟು ಎಂದು ಬರೆದಿಡಬಹುದು. ಬೇರೆ ಭಾಷೆಯ ಪತ್ರಕ್ಕೆ ದಂಡದ ಅಂಕ ಬೀಳುತ್ತದೆ. ಇದೇ ಪ್ರಯೋಗ 1956ರ ನವೆಂಬರ್ 1ರಂದು, ಭಾಷಾವಾರು ರಾಜ್ಯಗಳ ವಿಂಗಡಣೆಯಲ್ಲಿ, ಪತ್ರಗಳ ಬದಲು ತಾಲ್ಲೂಕುಗಳ ಮೇಲೆ ನಡೆಯಿತು. ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರಗಳನ್ನು ಸೋಸಿ ಮುಂಬಯಿ ರಾಜ್ಯದ ಇನ್‌ಬಾಕ್ಸಿಗೆ ಹಾಕಲಾಯಿತು. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಜಿಲ್ಲೆಸಮೇತ ಹೋಯಿತು. ಶೋಧಕ ಬಹುಮತ ಲೆಕ್ಕ ಹಾಕುತ್ತದೆ, ಅಡುಗೆಮನೆಗೆ ಇಣುಕುವುದಿಲ್ಲ. ಹಾಗಾಗಿ ನಿಜಾಮನ ಕಾಲದ ದಾಖಲೆ ಉರ್ದುವಿನಲ್ಲಿ, ಇಂದಿನ ಕಚೇರಿ ಮರಾಠಿಯಲ್ಲಿ, ಅವ್ವನ ಬೈಗುಳ ಕನ್ನಡದಲ್ಲಿ ಇರುವ ಮನೆಗಳು ಇಲ್ಲಿ ಉಳಿದುಬಿಟ್ಟವು. ಇಂಥ ಮನೆಯಿಂದ ‘ಶೇಠಜೀ, ತೂರ್ ಭಾವ ಆಜ್ ಚಡದದ, ಬಾಕಿ ಜಲ್ದಿ ಕಳಸ್ರಿ’ ಎಂದು ರೋಮನ್ ಲಿಪಿಯಲ್ಲಿ ಹೊರಟ ಸಾಲಿಗೆ ಯಂತ್ರ ಯಾವ ಭಾಷೆಯ ಪಟ್ಟ ಕಟ್ಟೀತು? ಭಾಲ್ಕಿ, ಬಸವಕಲ್ಯಾಣದ ಕಡೆಯಿಂದ ಹಳೆಯ ನುಡಿ ಅಕ್ಷರದಲ್ಲಿ ಟೈಪಿಸಿದ ಪತ್ರ ಬಂದರಂತೂ ಮುಗಿಯಿತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಶುದ್ಧ ಕನ್ನಡವೇ ಪರಮ ಶಂಕಾಸ್ಪದ.

ಈಗ ಮುಖ್ಯ ಪ್ರಮೇಯಕ್ಕೆ ಬರೋಣ. ಉದಗೀರ ತೊಗರಿ ಬೇಳೆಯ ಗಿರಣಿಗಳ ಊರು. ಅಡತಿ ಅಂಗಡಿಯಿಂದ ಗಿರಣಿಗೆ ಹೋಗುವ ಪ್ರಾಮಾಣಿಕ ಪತ್ರವೊಂದನ್ನು ಪರೀಕ್ಷಿಸಿ: ಇವತ್ತೇ ಕೊನೆ, ನಾಳೆ ದರ ಏರುತ್ತದೆ, ಖಾಸ್ ನಿಮಗೇ ಅಂತ ಇಟ್ಟೀನಿ, ತುರ್ತು, ರೂಪಾಯಿ ಚಿಹ್ನೆ ನಾಲ್ಕು, ಆಶ್ಚರ್ಯಸೂಚಕ ಆರು, ವಿಷಯದ ಸಾಲು ಖಾಲಿ, ಜೊತೆಗೆ ಹೆಸರಿಲ್ಲದ ಒಂದು ಫೋಟೊ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ದಂಡದ ಅಂಕ 5 ಮುಟ್ಟಿದರೆ ಪತ್ರ ಸ್ಪ್ಯಾಮ್. ಇದು ನಮಸ್ಕಾರ ಹೇಳುವಷ್ಟರಲ್ಲೇ ಮುಟ್ಟಿರುತ್ತದೆ. ಮದುವೆ ಪತ್ರಿಕೆಯ ಗತಿಯೂ ಇದೇ: ಮುನ್ನೂರು ಜನಕ್ಕೆ ಒಂದೇ ಒಕ್ಕಣೆ, ಸಹಕುಟುಂಬ ಸಪರಿವಾರ. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಸುಮಾರು 400 ಜನಕ್ಕೆ ಕಳಿಸಿದ ಜಗತ್ತಿನ ಮೊದಲ ಸ್ಪ್ಯಾಮ್ ಕೂಡ ಕಂಪ್ಯೂಟರ್ ಪ್ರದರ್ಶನಕ್ಕೆ ಬನ್ನಿ ಎಂಬ ಆಮಂತ್ರಣವೇ ಆಗಿತ್ತು; ಊಟದ ಪ್ರಸ್ತಾಪವಿಲ್ಲದ್ದರಿಂದ ಜನ ಸಿಟ್ಟಾದರೆಂದು ನನ್ನ ವಾದ. 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು, ಲಗ್ನಪತ್ರಿಕೆಯ ವೇಷದಲ್ಲಿ ಮೊಬೈಲಿಗೆ ಬರುವ ಎಪಿಕೆ ಕಡತ ತೆರೆಯಬೇಡಿ ಎಂದು ಎಚ್ಚರಿಸಿದ ಮೇಲೆ ನಿಜವಾದ ಮದುವೆಗಳಿಗೂ ಕಳಂಕ ತಟ್ಟಿದೆ.

ಪೂರ್ವಪಕ್ಷಿ ಕೇಳಬಹುದು: ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಮೊಹರುಗಳು ಇವೆಯಲ್ಲ? 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯವಲ್ಲವೆ? ಸರಿಯೆ. ಆದರೆ ಮೊಹರು ಹೇಳುವುದು ಪತ್ರ ಇಂಥ ಡೊಮೈನಿನಿಂದ ಬಂತು ಎಂದಷ್ಟೇ. ಗಿರಣಿಯ ಹೆಸರಿನ ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್‌ಗಳನ್ನು ಅಂಟಿಸಿ ಹೊಸ ಡೊಮೈನ್ ಕೊಂಡ ವಂಚಕ ಮೂರೂ ಮೊಹರು ಶಾಸ್ತ್ರೋಕ್ತವಾಗಿ ಒತ್ತಿಸುತ್ತಾನೆ. ಅವನ ಪತ್ರದಲ್ಲಿ ಆಶ್ಚರ್ಯಸೂಚಕವಿಲ್ಲ, ವ್ಯಾಕರಣ ದೋಷವಿಲ್ಲ. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದಯವಿಟ್ಟು ಮುಂದಿನ ಪಾವತಿ ಇಲ್ಲಿಗೆ ಮಾಡಿ ಎಂದು ಎರಡೇ ಸಾಲು. ಅಂಕ ಸೊನ್ನೆ. ಶೋಧಕ ಕೈಮುಗಿದು ಒಳಗೆ ಬಿಡುತ್ತದೆ. ಇದು ನಡತೆ ಅಳೆಯುವ ಯಂತ್ರ. ನಿಯತ್ತು ಅಳೆಯುವುದು ಅದರ ಪಠ್ಯಕ್ರಮದಲ್ಲಿಲ್ಲ. ಗಡಿಯ ಪೇಟೆಯಲ್ಲಿ ನಿಯತ್ತಿರುವವರಿಗೆ ನಡತೆ ಕಲಿಯಲು ಪುರುಸೊತ್ತಿಲ್ಲ.

ಸಿದ್ಧಾಂತಿ ಇಲ್ಲಿ ಗಿರಣಿಯ ಲೆಕ್ಕ ಬರೆಯುವ ಮುನೀಮನನ್ನು ಪ್ರಮಾಣವಾಗಿ ಸ್ವೀಕರಿಸುತ್ತಾನೆ. ಇಷ್ಟು ನಯವಾಗಿ ಬರೆದ ಪತ್ರ ನಮ್ಮ ಅಡತಿಯದಲ್ಲ ಎಂದು ಮುನೀಮ ಓದುತ್ತಲೇ ಸಂಶಯಿಸುತ್ತಾನೆ, ವಹಿಯಲ್ಲಿ ಬರೆದಿಟ್ಟ ಹಳೆಯ ನಂಬರಿಗೆ ಫೋನು ಹಚ್ಚುತ್ತಾನೆ, ಅತ್ತಲಿಂದ ಬೈಗುಳ ಕೇಳಿ ಸಮಾಧಾನಗೊಳ್ಳುತ್ತಾನೆ. ಇದಕ್ಕೆ ಶಬ್ದಪ್ರಮಾಣವೆಂದು ಹೆಸರು.

ಆದ್ದರಿಂದ ನಿರ್ಣಯ. ತೊಗರಿ ಹಂಗಾಮಿನಲ್ಲಿ ಶೋಧಕದ ಮಿತಿಯನ್ನು 5ರಿಂದ 8ಕ್ಕೆ ಏರಿಸತಕ್ಕದ್ದು. ಲಗ್ನದ ಹಂಗಾಮಿನಲ್ಲಿ 12ಕ್ಕೆ. ಖಾತೆ ಬದಲಾಗಿದೆ ಎನ್ನುವ ಪತ್ರ ಎಷ್ಟೇ ಸಭ್ಯವಾಗಿದ್ದರೂ ಅದಕ್ಕೆ ‘ನಾಳೆ ಬಾ’ ಎನ್ನತಕ್ಕದ್ದು. ತುಳಸಿ ಲಗ್ನ ಕಳೆದು ತೊಗರಿ ಅಡತಿಗೆ ಬರುವ ಹೊತ್ತಿಗೆ ಎರಡು ಹಂಗಾಮುಗಳೂ ಕೂಡಿಬಿಡುವುದರಿಂದ, ಆಗ ಎರಡೂ ಮಿತಿಗಳನ್ನು ಕೂಡಿಸಿ 20 ಮಾಡಬೇಕೆಂದು ಒಂದು ಪಕ್ಷ. ಶೋಧಕವನ್ನೇ ಬಂದ್ ಮಾಡಿ ಮುನೀಮನ ಪಗಾರ ಹೆಚ್ಚಿಸಬೇಕೆಂದು ಮುನೀಮನ ಪಕ್ಷ.