ರೆಪ್ಪೆ ನುಸಿ ಸಾಕಣೆ: ಆಸಕ್ತರಿಗೆ ಕಿರು ಕೈಪಿಡಿ

ಕುರಿಗೆ ದೊಡ್ಡಿ ಬೇಕು, ರೇಷ್ಮೆಗೆ ಹಿಪ್ಪುನೇರಳೆ ಬೇಕು, ಜೇನಿಗೆ ಪೆಟ್ಟಿಗೆಯಾದರೂ ಬೇಕು. ಕಣ್ಣುರೆಪ್ಪೆಯ ನುಸಿಗೆ ನಿಮ್ಮ ಮುಖವೊಂದೇ ಸಾಕು. ಸಬ್ಸಿಡಿಗೆ ಅರ್ಜಿ ಹಿಡಿದು ಅಲೆಯುವ ಗೋಜೂ ಇಲ್ಲ. ತೆಂಗಿನ ನುಸಿಯಿಂದ ಬೇಸತ್ತವರು ಹೆದರಬೇಕಿಲ್ಲ, ಇದು ಬೇರೆ ಕುಲ.

ತಳಿ: ಮನುಷ್ಯರ ಮೇಲೆ ಬಾಳುವ ತಳಿ ಎರಡೇ. ಡೆಮೊಡೆಕ್ಸ್ ಫಾಲಿಕ್ಯುಲೋರಮ್ ಸುಮಾರು 0.3ರಿಂದ 0.4 ಮಿ.ಮೀ. ಉದ್ದ, ರೆಪ್ಪೆಗೂದಲಿನ ಬುಡದಲ್ಲಿ ತಲೆ ಕೆಳಗಾಗಿ, ಕೂಡುಕುಟುಂಬದಂತೆ ನಾಲ್ಕಾರು ಒಟ್ಟಿಗಿರುತ್ತವೆ. ಡೆಮೊಡೆಕ್ಸ್ ಬ್ರೆವಿಸ್ ಅದರ ಅರ್ಧದಷ್ಟು. ಎಣ್ಣೆಗ್ರಂಥಿಯೊಳಗೆ ಒಂಟಿ ಸಂಸಾರ. ಎರಡಕ್ಕೂ ಎಂಟೆಂಟು ಕಾಲು. ಗುದದ್ವಾರವಿಲ್ಲ, ಬದುಕಿಡೀ ತಿಂದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ ಎಂಬ ಅಪವಾದ ಬಹುಕಾಲ ಇತ್ತು. 2022ರ ಒಂದು ಅಧ್ಯಯನ ಗುದವಿದೆ ಎಂದು ತೋರಿಸಿ ಪಾಪದ ಪ್ರಾಣಿಯ ಮಾನ ಉಳಿಸಿತು.

ಮರಿ ಕೊಳ್ಳಲು ಸಂತೆಗೆ ಹೋಗಬೇಡಿ. ಹುಟ್ಟುವಾಗ ಯಾರಲ್ಲೂ ಇರುವುದಿಲ್ಲ. ಕೆನ್ನೆಗೆ ಕೆನ್ನೆ ತಾಗಿಸುವ ಮನೆಮಂದಿಯಿಂದ ತಾನಾಗಿ ಬರುತ್ತದೆ.

ಮಂದೆ ಬೆಳೆಸುವುದು: ಮೊದಲ ಉಪಾಯ, ವಯಸ್ಸಾಗುವುದು. ಇದಕ್ಕಿಂತ ಖಾತ್ರಿಯಾದದ್ದು ಇನ್ನೂ ಸಿಕ್ಕಿಲ್ಲ. ಮಕ್ಕಳ ಚರ್ಮದಲ್ಲಿ ಎಣ್ಣೆ ಕಡಿಮೆ, ಹಾಗಾಗಿ ಮೇವೂ ಕಡಿಮೆ. 70 ದಾಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ನುಸಿ ಇರುತ್ತದೆ.

ಕಾಯಲು ತಾಳ್ಮೆ ಇಲ್ಲದವರಿಗೆ ಟ್ಯೂಬಿನ ದಾರಿಯಿದೆ. ಮದುವೆಗೆ ಮುಂಚೆ ಮುಖ ಬೆಳ್ಳಗಾಗಲಿ ಎಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ. "ಇದೇ ಅಕ್ಕಾ, ಎಲ್ಲರೂ ಒಯ್ಯೋದು" ಎಂದು ಒಂದನ್ನು ಕೈಗಿಡುತ್ತಾರೆ. ಅದರ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂದು ಸಣ್ಣಕ್ಷರದಲ್ಲಿರುತ್ತದೆ, ಓದಬೇಡಿ. ಅವು ಸ್ಟೀರಾಯ್ಡ್‌ಗಳು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ತಿಂಗಳುಗಟ್ಟಲೆ ಬಳಿದರೆ ಚರ್ಮದ ಕಾವಲುಪಡೆ ಮಲಗುತ್ತದೆ, ನುಸಿ ಹೆಚ್ಚುತ್ತದೆ. ನಿಲ್ಲಿಸಿದ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ, ಉರಿ ತಾಳದೆ ಮತ್ತೆ ಅದೇ ಟ್ಯೂಬು. ನುಸಿಗೆ ಇದಕ್ಕಿಂತ ನಿಷ್ಠಾವಂತ ಗಿರಾಕಿ ಸಿಗಲಾರ.

ಸಕ್ಕರೆ ಕಾಯಿಲೆ, ಎಚ್‌ಐವಿ, ಮುಖ ಕೆಂಪಾಗುವ ರೊಸೇಶಿಯಾ ಇರುವವರಲ್ಲಿ, ಅಂಗ ಕಸಿಯ ನಂತರ ಔಷಧ ನುಂಗುವವರಲ್ಲಿಯೂ ನುಸಿ ಹೆಚ್ಚಬಹುದು. ಅದು ಅವರ ತಪ್ಪಲ್ಲ. ಈ ಕೈಪಿಡಿಗೆ ಅವರನ್ನು ನೋಡಿ ನಗುವ ಮನಸ್ಸಿಲ್ಲ.

ಉಳಿದದ್ದು ಸೋಮಾರಿತನ ನೋಡಿಕೊಳ್ಳುತ್ತದೆ. ಮಸ್ಕರಾ, ಕಾಡಿಗೆ ತೊಳೆಯದೆ ಮಲಗಿ. ಗೆಳತಿಯರೊಡನೆ ಒಂದೇ ಬ್ರಷ್ ಹಂಚಿಕೊಳ್ಳಿ. ದೀಪ ಆರಿಸುವುದು ಮರೆಯಬೇಡಿ: ಬೆಳಕಿಗೆ ಅಡಗುವ ಇವು ಕತ್ತಲಲ್ಲಿ ಹೊರಬಂದು ಗಂಟೆಗೆ 8ರಿಂದ 16 ಮಿ.ಮೀ. ವೇಗದಲ್ಲಿ ಸಂಗಾತಿಯನ್ನು ಹುಡುಕುತ್ತವೆ. ಎರಡು ಮೂರು ವಾರದಲ್ಲಿ ಆಯುಸ್ಸು ಮುಗಿಯುತ್ತದೆ, ಅಷ್ಟರಲ್ಲಿ ಮೊಟ್ಟೆ ಇಟ್ಟಿರುತ್ತವೆ.

ಇಳುವರಿ: ಹತ್ತಾರು ನುಸಿ ಇದ್ದರೂ ಬಹಳ ಜನಕ್ಕೆ ಏನೂ ಆಗುವುದಿಲ್ಲ, ಅಂಥವರು ಸಾಕಣೆದಾರರೆಂಬುದು ಅವರಿಗೇ ತಿಳಿಯದು. ಸಂಖ್ಯೆ ಮಿತಿ ಮೀರಿದಾಗ ರೆಪ್ಪೆಯಂಚು ಕೆಂಪಾಗಿ ತುರಿಸುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಕೂದಲು ಉದುರುತ್ತದೆ, ರೆಪ್ಪೆಯಲ್ಲಿ ಮತ್ತೆ ಮತ್ತೆ ಕುರು ಏಳುತ್ತದೆ. ಪ್ರತಿ ಕೂದಲಿನ ಬುಡಕ್ಕೂ ಬಳೆ ತೊಡಿಸಿದಂತೆ ಹೊಟ್ಟು ಸುತ್ತಿಕೊಂಡಿದ್ದರೆ ಫಸಲು ಕೈಗೆ ಬಂದಿದೆ ಎಂದರ್ಥ.

ಸಾಕಣೆ ನಿಲ್ಲಿಸುವವರಿಗೆ: ಬಿಸಿನೀರಿನ ಬಟ್ಟೆಯ ಶಾಖ, ದಿನವೂ ರೆಪ್ಪೆಯಂಚು ಒರೆಸುವುದು, ಹಳೆಯ ಮೇಕಪ್ಪನ್ನು ಕಸಕ್ಕೆ ಹಾಕುವುದು. ಇದಕ್ಕೆಂದೇ ಬಂದ ಲೋಟಿಲಾನರ್ 0.25% ಹನಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಟೀ ಟ್ರೀ ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ರೆಪ್ಪೆಗೆ ಹಚ್ಚಬೇಡಿ, ಕಣ್ಣಿಗೇ ಗಾಯವಾಗುತ್ತದೆ. ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ; ಬಳಸುತ್ತಿರುವ ಟ್ಯೂಬನ್ನೂ ಜೊತೆಗೆ ಒಯ್ಯಿರಿ.